ಬೊಂಬೆಮನೆಯ ರೈಲು, ಅಂದಾನಿಯ ಹಲ್ಲು

ಅಂದಾನಿಗೆ ಯಂತ್ರಗಳ ವಿಷಯ ಏನೇನೂ ಗೊತ್ತಿಲ್ಲ ಎಂಬ ಸಂಗತಿ ಇಡೀ ಭೂಮಂಡಲದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಮೈಸೂರಿನ ಮಾವನ ಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ಗಕ್ಕನೆ ನಿಂತುಬಿಟ್ಟಿತ್ತು. ಮಾವ ಮನೆಯಲ್ಲಿರಲಿಲ್ಲ. ಅತ್ತೆ ಸಣ್ಣಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹೊಸ ಅಳಿಯ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಅಂದಾನಿ ಮಿಕ್ಸಿಯನ್ನು ಎತ್ತಿ ಮಗುಚಿ ತಡವಿದ. ಅಡಿಯಲ್ಲಿದ್ದ ಕೆಂಪು ಗುಂಡಿಯೊಂದು ಅವನ ಹೆಬ್ಬೆರಳಿಗೆ ಸಿಕ್ಕಿ ಟಕ್ ಎಂದಿತು. ತಿರುಗಿ ಸ್ವಿಚ್ ಹಾಕಿದರೆ ಮಿಕ್ಸಿ ಗಿರ್ರೆಂದಿತು. "ನಮ್ಮ ಎರಡನೇ ಅಳಿಯಂದ್ರದು ಮೆಕ್ಯಾನಿಕಲ್ ತಲೆ" ಎಂದು ಸಣ್ಣಮ್ಮ ಬೀದಿಗೆಲ್ಲ ಸಾರಿದರು. ಹಾಗೇನಿಲ್ಲ ಅತ್ತೆ ಎಂದು ಹೇಳಲು ಬಾಯಿ ತೆರೆದವನ ಬಾಯಿಗೆ ಬಿಸಿ ದೋಸೆ ಬಂತು. ದೋಸೆ ಚೆನ್ನಾಗಿತ್ತು. ಅಂದಾನಿ ಸುಮ್ಮನಾದ.

ಆ ದೋಸೆಯ ಋಣ ತೀರಿಸುವ ಕಾಲ ಬಂದದ್ದು ಬಹಳ ವರ್ಷಗಳ ಮೇಲೆ, ಎರಡು ಸಾವಿರದ ನಾಲ್ಕರ ದಸರೆಯಲ್ಲಿ. ಅಷ್ಟು ಹೊತ್ತಿಗೆ ಅಂದಾನಿ ವಿಮಾ ಕಂಪನಿಯೊಂದರ ಅಧಿಕಾರಿಯಾಗಿ ಮದ್ರಾಸಿಗೆ ವರ್ಗವಾಗಿದ್ದ. ಊರಿನ ಹೆಸರು ಚೆನ್ನೈ ಆಗಿ ಎಷ್ಟೋ ಕಾಲವಾಗಿದ್ದರೂ ಮೈಸೂರಿನ ನೆಂಟರ ಬಾಯಲ್ಲಿ ಅದಿನ್ನೂ ಮದ್ರಾಸೇ ಆಗಿತ್ತು. ವೇಲಚೇರಿಯ ಹೊಸ ಫ್ಲ್ಯಾಟೊಂದರ ಮೂರನೇ ಮಹಡಿಯಲ್ಲಿ ಹೆಂಡತಿ ವಂದನಾ, ಮಗಳು ಮೌನ. ಮೌನ ಎನ್ನುವುದು ಹೆಸರಿಗೆ ಮಾತ್ರ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು, ಕೇಳದೆ ಇದ್ದುದಕ್ಕೆ ಇಂಗ್ಲಿಷಿನಲ್ಲಿ.

ಆಗಿನ ವೇಲಚೇರಿ ಈಗಿನ ಹಾಗಲ್ಲ. ಖಾಲಿ ಸೈಟುಗಳಲ್ಲಿ ಎಮ್ಮೆ ಮೇಯುತ್ತಿದ್ದವು. ಒಂದು ಮಳೆ ಬಿದ್ದರೆ ಸಂಜೆಯೆಲ್ಲ ಕಪ್ಪೆಗಳ ಕಚೇರಿ. ನೀರಿನ ಲಾರಿ ಹಾರನ್ ಹೊಡೆದರೆ ಜಗಳವಾಡಿಕೊಂಡವರೂ ಕೊಡ ಹಿಡಿದು ಒಟ್ಟಿಗೆ ಇಳಿಯುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ರೈಲು ಬರುತ್ತದಂತೆ. ತಿರುವಾನ್ಮಿಯೂರಿನ ತನಕ ಬಂದು ನಿಂತಿದ್ದ ರೈಲು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಇಡೀ ವೇಲಚೇರಿ ಕತ್ತು ಚಾಚಿ ಕಾಯುತ್ತಿತ್ತು. ಅದು ಬರುವುದಕ್ಕೆ ಮೊದಲೇ ಅಂದಾನಿಯ ಮನೆಗೆ ಒಂದು ರೈಲು ಬಂತು. ಕಬ್ಬಿಣದ ಟ್ರಂಕಿನಲ್ಲಿ, ಹಳೆಯ ಪಂಚೆ ಸುತ್ತಿಕೊಂಡು, ಸಣ್ಣಮ್ಮನವರ ಜೊತೆಯಲ್ಲಿ.

ಅದು ವಂದನಾಳ ಅಪ್ಪ ಶಿವರಾಮು ಅವರ ಆಟದ ರೈಲು. ಗೇಣುದ್ದದ ಕಪ್ಪು ಎಂಜಿನ್ನು, ಮೂರು ಡಬ್ಬಿ, ಕೂಡಿಸಿದರೆ ಉಂಗುರವಾಗುವ ಹಳಿ, ಕರೆಂಟಿಗೆ ಒಂದು ತಿರುಪು ಗುಂಡಿಯ ಪೆಟ್ಟಿಗೆ. ಶಿವರಾಮು ಮೈಸೂರಿನ ರೈಲ್ವೆ ವರ್ಕ್‌ಷಾಪಿನಲ್ಲಿದ್ದವರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಜರ್ಮನಿಯ ಎಂಜಿನಿಯರೊಬ್ಬ ಊರಿಗೆ ಹೊರಡುವಾಗ ಕೊಟ್ಟುಹೋದದ್ದನ್ನು ಅವರು ಪ್ರತಿ ದಸರೆಗೂ ಬೊಂಬೆಗಳ ಮುಂದೆ ಓಡಿಸುತ್ತಿದ್ದರು. ಪಟ್ಟದ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ, ಶೆಟ್ಟಿ ಶೆಟ್ಟಿತಿ ಕೆಳಗಿನ ಮೆಟ್ಟಿಲಲ್ಲಿ, ನೆಲದಲ್ಲಿ ರಾಗಿ ಪೈರಿನ ಉದ್ಯಾನ, ಅದರ ಸುತ್ತ ರೈಲು. ವಂದನಾಳ ಬಾಲ್ಯವೆಲ್ಲ ಆ ಹಳಿಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿಯೇ ಕಳೆದಿತ್ತು.

ಶಿವರಾಮು ತೀರಿಕೊಂಡ ಮೇಲೆ ಬೊಂಬೆ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಹಿರಿಯ ಅಳಿಯ ಭೋಜರಾಜ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿ, ನಡುಮನೆಯ ಒಂದು ಗೋಡೆಗೆ ಪೂರ್ತಿ ಗಾಜಿನ ಷೋಕೇಸು ಮಾಡಿಸಿದ್ದ. ಬೊಂಬೆಯೂ ರೈಲೂ ಅದರೊಳಗೆ ಕೂತರೆ ಧೂಳು ಬೀಳುವುದಿಲ್ಲ ಎಂಬುದು ಅವನ ವಾದ. ಸಣ್ಣಮ್ಮ ತೀರ್ಪು ಕೊಟ್ಟರು.

"ಯಾರ ಮನೇಲಿ ರೈಲು ಓಡುತ್ತೋ ಅವರ ಮನೇಲಿ ಬೊಂಬೆ. ಈ ದಸರೆಗೆ ಚಿಕ್ಕವಳ ಮನೇಲಿ ಕೂರಿಸ್ತೀನಿ. ಆಯುಧಪೂಜೆ ಮಂಗಳಾರತಿ ಹೊತ್ತಿಗೆ ರೈಲು ಓಡಬೇಕು. ಇಲ್ದಿದ್ರೆ ಭೋಜರಾಜ ಕಾರಲ್ಲಿ ಬಂದು ತಗೊಂಡು ಹೋಗ್ಲಿ."

ಅವತ್ತು ವಂದನಾ ಅಡುಗೆಮನೆಯಲ್ಲಿ ಗಂಡನ ತೋಳು ಹಿಡಿದು ಹೇಳಿದಳು. "ರೀ, ಅಲ್ಲಿಗೆ ಹೋದ್ರೆ ಅಪ್ಪನ ರೈಲು ಗಾಜಿನೊಳಗೆ ಸೇರಿಬಿಡುತ್ತೆ. ಮತ್ತೆ ಯಾವತ್ತೂ ಓಡಲ್ಲ. ನನಗೆ ಅದೊಂದು ಬಿಟ್ಟು ಅಪ್ಪಂದು ಅಂತ ಏನೂ ಬೇಡ."

"ಅಯ್ಯೋ, ಅದೇನು ಮಹಾ. ಒಂದು ಸರ್ವಿಸ್ ಮಾಡಿದ್ರೆ ಆಯ್ತು" ಎಂದ ಅಂದಾನಿ. ದೋಸೆ ತಿಂದ ಬಾಯಿ.

ಅವನು ಬಲ್ಲ ಮಟ್ಟಿಗೆ ಸರ್ವಿಸ್ ಎಂದರೆ ಎಣ್ಣೆ ಬಿಡುವುದು. ಅಮಾವಾಸ್ಯೆಯ ಮಧ್ಯಾಹ್ನ ಹೆಂಗಸರು ಬೊಂಬೆಗಳ ಧೂಳು ಹೊಡೆಯುತ್ತಿದ್ದಾಗ ಅವನು ಬಾಗಿಲು ಹಾಕಿಕೊಂಡು ಎಂಜಿನ್ನಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಬಿಟ್ಟ. ಮಕ್ಕಳಿಗೆ ಅಭ್ಯಂಜನ ಮಾಡಿಸುವ ಹಾಗೆ ಸಂದುಗೊಂದಿಗೆಲ್ಲ ತಿಕ್ಕಿದ. ರೈಲು ಸಲೀಸಾಗಿ ಜಾರಲಿ ಎಂದು ಹಳಿಗೂ ಹಚ್ಚಿದ. ಮಾರನೆಯ ದಿನ ಪಾಡ್ಯದ ಪೂಜೆ ಮುಗಿದು ಎಲ್ಲರೂ ಸುತ್ತ ಕೂತ ಮೇಲೆ ಗುಂಡಿ ತಿರುಗಿಸಿದ.

ಎಂಜಿನ್ನು ಗುಂಯ್ ಎಂದಿತು. ಗಾಲಿಗಳು ಗರಗರ ತಿರುಗಿದವು. ಎಂಜಿನ್ನು ಮಾತ್ರ ನಿಂತ ಜಾಗ ಬಿಟ್ಟು ಕದಲಲಿಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಹಿಂದಿನ ಎರಡು ಗಾಲಿಗಳಿಂದ ಒಂದೊಂದು ಕಪ್ಪು ಬಳೆ ಉಬ್ಬಿ, ಬಿರಿದು, ಎಣ್ಣೆ ಕಾರುತ್ತ ಕಳಚಿ ಬಿತ್ತು. ಅಂದಾನಿ ಅವೆರಡನ್ನೂ ಮೆಲ್ಲಗೆ ಅಂಗೈಯಲ್ಲಿ ಮುಚ್ಚಿ ಜೇಬಿಗೆ ಸೇರಿಸಿದ.

"ಯಾಕೆ ಅಳಿಯಂದ್ರೆ, ಹೋಗ್ತಾ ಇಲ್ವಲ್ಲ?" ಎಂದರು ಸಣ್ಣಮ್ಮ.

"ಮೈಸೂರಿನ ಕರೆಂಟಿಗೆ ಒಗ್ಗಿದ ಎಂಜಿನ್ನು ಅತ್ತೆ. ಇಲ್ಲಿಯ ಕರೆಂಟೇ ಬೇರೆ. ನಾಲ್ಕು ದಿನ ಮನೇಲಿರ್ಲಿ, ಹೊಂದಿಕೊಳ್ಳುತ್ತೆ."

ಸಣ್ಣಮ್ಮನಿಗೆ ಇದು ನ್ಯಾಯವೆನ್ನಿಸಿತು. ಮದ್ರಾಸಿನ ನೀರು ಅವರಿಗೂ ಒಗ್ಗಿರಲಿಲ್ಲ. ಆದರೆ ಸಂಜೆ ಬೊಂಬೆ ನೋಡಲು ಬಂದ ಕೆಳಗಿನ ಮನೆಯ ಬೇಬಿಯನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಬೇಬಿ ಫ್ಲ್ಯಾಟ್ ಸಂಘದ ಕಾರ್ಯದರ್ಶಿ. ನಿಂತ ಪಂಪು, ನಿಂತ ಲಿಫ್ಟು, ನಿಂತ ಮನುಷ್ಯ ಯಾವುದನ್ನೂ ವಿಚಾರಿಸದೆ ಬಿಡುವ ಪೈಕಿಯಲ್ಲ.

"ಎನ್ನ ಸಾರ್, ಟ್ರೈನ್ ಓಡಲೈಯಾ?" ಎಂದು ಕೇಳಿದಳು.

"ಸಿಗ್ನಲ್ ವರಲೈ" ಎಂದ ಅಂದಾನಿ, ತನಗೆ ಬರುವ ತಮಿಳಿನಲ್ಲಿ.

"ನಮ್ಮ ವೇಲಚೇರಿ ಟ್ರೈನ್ ಮಾದಿರಿಯೇ" ಎಂದು ಬೇಬಿ ತಲೆಯಾಡಿಸಿ, ಪ್ರಸಾದದ ಕಡಲೆ ಸುಂಡಲು ಕೈಗೆತ್ತಿಕೊಂಡಳು. ಮರುದಿನದಿಂದ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಅವನನ್ನು ಸಿಗ್ನಲ್ ಬಂತೇ ಎಂದು ಕೇಳತೊಡಗಿದರು.

ಅಂದಾನಿ ಆಫೀಸಿನಿಂದ ಮೆಲ್ಲಗೆ ತಪ್ಪಿಸಿಕೊಂಡು ಮದ್ರಾಸಿನ ಹಳೇ ಪೇಟೆ ಪ್ಯಾರೀಸ್ ಕಾರ್ನರಿನ ಸಂದಿಯೊಂದರಲ್ಲಿದ್ದ ಆಟದ ಸಾಮಾನಿನ ಅಂಗಡಿಗೆ ಹೋದ. ಜೇಬಿನಲ್ಲಿದ್ದ ಬಿರಿದ ಬಳೆಗಳನ್ನು ಮೇಜಿನ ಮೇಲಿಟ್ಟ. ಅಂಗಡಿಯವನು ಮೂಸಿ ನೋಡಿದ. ಇದು ಎಂಜಿನ್ನಿನ ಗಾಲಿಗೆ ಹಾಕುವ ರಬ್ಬರ್ ಟೈರು, ಹಳಿಯನ್ನು ಕಚ್ಚಿ ಹಿಡಿಯುವುದೇ ಇದರ ಕೆಲಸ, ಇದಿಲ್ಲದಿದ್ದರೆ ಉಕ್ಕಿನ ಮೇಲೆ ಉಕ್ಕು ಜಾರುತ್ತದೆ, ಎಣ್ಣೆ ಸೋಕಿದರಂತೂ ರಬ್ಬರಿನ ಕಥೆ ಮುಗಿಯಿತು ಎಂದ. ಆಮೇಲೆ, ಇದಕ್ಕೆ ಎಣ್ಣೆ ಬಿಟ್ಟ ಮಹಾನುಭಾವ ಯಾರು ಎಂದೂ ಕೇಳಿದ.

"ನನ್ನ ಷಡ್ಡಕ" ಎಂದ ಅಂದಾನಿ. "ಬೆಂಗಳೂರಿನವರು."

ಜರ್ಮನಿಯಿಂದ ತರಿಸಿದರೆ ಪೊಂಗಲಿಗೆ ಬರಬಹುದು ಎಂದ ಅಂಗಡಿಯವನು, ಇವನ ಮುಖ ನೋಡಿ ಪಾಪ ಎನ್ನಿಸಿತೋ ಏನೋ, ಒಂದು ಉಪಾಯ ಹೇಳಿದ. ಹಲ್ಲು ನೇರ ಮಾಡಲು ತಂತಿ ಕಟ್ಟುತ್ತಾರಲ್ಲ, ಆ ತಂತಿಗೆ ಸಿಕ್ಕಿಸುವ ಸಣ್ಣ ರಬ್ಬರ್ ಬಳೆ ಇಂಥ ಗಾಲಿಗೆ ಸರಿಯಾಗಿ ಕೂರುತ್ತದೆ, ಹಲ್ಲಿನ ಡಾಕ್ಟರ ಹತ್ತಿರ ಸಿಗುತ್ತದೆ.

ವೇಲಚೇರಿಯಲ್ಲೂ ಹಲ್ಲಿನ ಡಾಕ್ಟರಿದ್ದರು. ಆದರೆ ಬೇಬಿಯ ಕಣ್ಣು ತಪ್ಪಿಸುವುದು ಹೇಗೆ? ಅದಕ್ಕೇ ಅಂದಾನಿ ಊರಿನ ಆ ತುದಿಗೆ, ಕೀಲ್ಪಾಕಿಗೆ ಹೋದ. ಅಲ್ಲಿ ತನ್ನ ಪರಿಚಯದವರು ಯಾರೂ ಇಲ್ಲ ಎಂಬುದು ಅವನ ಲೆಕ್ಕ. ಕ್ಲಿನಿಕ್ಕಿನ ಎದುರಿಗಿದ್ದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಂದಾಪುರದ ವಿಷ್ಣುಮೂರ್ತಿ ಕೂತಿರುತ್ತಾರೆ, ಅವರ ಹೆಂಡತಿ ಚಂದ್ರಮತಿ ವಂದನಾಳ ಗೆಳತಿ, ಇದೆಲ್ಲ ಅವನಿಗೆ ನೆನಪಾದದ್ದು ಕ್ಲಿನಿಕ್ಕಿನ ಬಾಗಿಲು ತಳ್ಳುವಾಗ ಬೆನ್ನ ಹಿಂದಿನಿಂದ "ಓ, ಅಂದಾನಿಯವರಲ್ವಾ!" ಎಂಬ ದನಿ ಕೇಳಿದ ಮೇಲೆ. ಅವನು ತಿರುಗಿ ನೋಡದೆ ಒಳಗೆ ನುಗ್ಗಿದ.

ಡಾಕ್ಟರು ನಡುವಯಸ್ಸಿನ ಹೆಂಗಸು. ಅಂದಾನಿ ತನಗೇನೂ ಆಗಿಲ್ಲ, ಸ್ವಲ್ಪ ರಬ್ಬರ್ ಬಳೆ ಬೇಕಿತ್ತು ಎಂದ. ಯಾರಿಗೆ ಎಂದರು. ಮನೆಯಲ್ಲಿದೆ ಎಂದ. ಕರೆದುಕೊಂಡು ಬನ್ನಿ ಎಂದರು. ಅದಕ್ಕೆ ನಡೆಯಲು ಆಗುವುದಿಲ್ಲ, ಅದಕ್ಕೇ ರಬ್ಬರು ಬೇಕು ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೊದಲು ನೀವು ಕುರ್ಚಿಯ ಮೇಲೆ ಕೂತು ಬಾಯಿ ತೆರೆಯಿರಿ" ಎಂದರು. ದನಿಯಲ್ಲಿ ಎಂಥ ಅಧಿಕಾರವಿತ್ತೆಂದರೆ ಅಂದಾನಿ ತೆರೆದ.

ಡಾಕ್ಟರು ದೀಪ ಬಿಟ್ಟು ನೋಡಿದರು. ಕನ್ನಡಿ ಹಾಕಿ ನೋಡಿದರು. ಸಹಾಯಕಿಯನ್ನು ಕರೆದು ತೋರಿಸಿದರು. ಹೊರಗೆ ಕೂತಿದ್ದ ಇನ್ನೊಬ್ಬ ಡಾಕ್ಟರನ್ನೂ ಕರೆಸಿದರು. ಇಂಥ ಹಲ್ಲು ಓದುವಾಗ ಪುಸ್ತಕದಲ್ಲಿ ನೋಡಿದ್ದೆ, ಮನುಷ್ಯರ ಬಾಯಲ್ಲಿ ಇವತ್ತೇ ನೋಡಿದ್ದು ಎಂದರು. ನಲವತ್ತು ದಾಟಿದ ಮೇಲೆ ಅಂದಾನಿಯ ಜೀವನದಲ್ಲಿ ಮೊದಲ ಸಲ ಯಾರೋ ಅವನಲ್ಲಿ ನಿಜವಾಗಿಯೂ ಇದ್ದ ಗುಣವನ್ನು ಹೊಗಳಿದ್ದರು. ಆ ಸಂತೋಷದಲ್ಲಿ ಅವನು ರೈಲಿನ ಕಥೆಯನ್ನೆಲ್ಲ ಒದರಿಬಿಟ್ಟ. ಡಾಕ್ಟರು ಕುರ್ಚಿ ಹಿಡಿದುಕೊಂಡು ನಕ್ಕು, ರಬ್ಬರ್ ಬಳೆಯ ಒಂದು ಪೊಟ್ಟಣ ಕೊಟ್ಟು ಕಳಿಸಿದರು.

ಅವನು ಬಸ್ಸು ಹಿಡಿದು ವೇಲಚೇರಿ ತಲುಪುವುದರೊಳಗೆ ಫೋನು ತಲುಪಿತ್ತು.

"ವಂದನಕ್ಕ, ಇವರ ಹಲ್ಲಿಗೆ ಎಂತ ಆದದ್ದು ಮಾರಾಯ್ರೆ?" ಎಂದು ವಿಷ್ಣುಮೂರ್ತಿ ಕೇಳಿದ್ದರು. "ಕರೆದರೂ ತಿರುಗಿ ನೋಡ್ಲಿಲ್ಲ. ಅಷ್ಟು ನೋವುಂಟು ಅಂತ ಕಾಣ್ತದೆ. ಒಳಗೆ ಇಬ್ಬಿಬ್ಬರು ಡಾಕ್ಟರ್ರು ಸೇರಿ ನೋಡಿದ್ರಂತೆ, ನಮ್ಮ ಸಪ್ಲೈಯರ್ ಕಾಫಿ ಕೊಡ್ಲಿಕ್ಕೆ ಹೋದವ ನೋಡಿ ಬಂದ."

ಮನೆಯ ಬಾಗಿಲಲ್ಲೇ ಸಣ್ಣಮ್ಮ ನಿಂತಿದ್ದರು. "ಹಲ್ಲು ಕಿತ್ತರಾ ಅಳಿಯಂದ್ರೆ? ಮಾತಾಡ್ಬೇಡಿ, ರಕ್ತ ಬರುತ್ತೆ."

"ಏನೂ ಇಲ್ಲ ಅತ್ತೆ, ಸುಮ್ನೆ ಹೋಗಿದ್ದೆ."

"ಹಲ್ಲಿನ ಡಾಕ್ಟರ ಹತ್ರ ಯಾರಾದ್ರೂ ಸುಮ್ನೆ ಹೋಗ್ತಾರೇನ್ರೀ?" ಎಂದಳು ವಂದನಾ. ಅವಳ ಕಣ್ಣು ತುಂಬಿತ್ತು. "ನನ್ನ ರೈಲಿನ ಚಿಂತೇಲಿ ನಿಮ್ಮ ನೋವು ಹೇಳ್ಕೊಳ್ಳದೆ ಇದೀರಿ."

ನಿಜ ಹೇಳಿದರೆ ಎಣ್ಣೆಯ ವಿಷಯ ಹೇಳಬೇಕು, ಎಣ್ಣೆಯ ವಿಷಯ ಹೇಳಿದರೆ ಮಿಕ್ಸಿಯ ವಿಷಯ ಹೊರಬೀಳುತ್ತದೆ. ಅಂದಾನಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದ. ಆ ಕೈಯೇ ಅವನ ಸರ್ವನಾಶಕ್ಕೆ ಕಾರಣವಾಯಿತು.

ದಸರೆ ಎಂದರೆ ಸಣ್ಣಮ್ಮನ ಕೈಯ ಚಕ್ಕುಲಿ. ಕೋಡುಬಳೆ. ಕಡಿದರೆ ಪಕ್ಕದ ಮನೆಗೆ ಕೇಳಿಸಬೇಕು, ಅಂಥದ್ದು. ಅವರು ಡಬ್ಬಿಗಟ್ಟಲೆ ಕರಿದು ಅಟ್ಟದಲ್ಲಿಟ್ಟಿದ್ದರು. ಅವತ್ತಿನಿಂದ ಅಂದಾನಿಯ ತಟ್ಟೆಗೆ ಬಂದದ್ದು ಕಿವುಚಿದ ಮೊಸರನ್ನ, ರಾಗಿ ಗಂಜಿ, ಬೆಂದ ಬಾಳೆಹಣ್ಣು. ಸಂಜೆ ಬಂದವರೆಲ್ಲ ಕಟುಂ ಕುಟುಂ ಎನ್ನಿಸುತ್ತ ಅವನನ್ನು ಕನಿಕರದಿಂದ ನೋಡುವರು. ಮೌನ ಅವನ ಮುಂದೆಯೇ ಚಕ್ಕುಲಿ ಮುರಿದು, "ಅಪ್ಪಾ, ಉಂಗಳುಕ್ಕು ವೇಂಡಾಂ, ಪಲ್ಲು ವಿಳುಂದಿಡುಂ" ಎಂದು, ನಿಮಗೆ ಬೇಡ, ಹಲ್ಲು ಬಿದ್ದುಹೋಗುತ್ತದೆ ಎಂದು ಎಚ್ಚರಿಸುವಳು. ಬೇಬಿ ಲವಂಗದ ಎಣ್ಣೆ ತಂದುಕೊಟ್ಟಳು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರೊಬ್ಬರು ಬಂದು ತಮ್ಮ ಕಟ್ಟಿಸಿದ ಹಲ್ಲನ್ನು ಬಿಚ್ಚಿ ತೋರಿಸಿ ಧೈರ್ಯ ಹೇಳಿದರು. ಒಂದು ಹಲ್ಲು ಕಿತ್ತ ಸುದ್ದಿ ಸಪ್ತಮಿಯ ಹೊತ್ತಿಗೆ ನಾಲ್ಕಾಯಿತು. ಬೆಂಗಳೂರು ಮುಟ್ಟುವಾಗ ಮೇಲಿನ ಸಾಲು ಪೂರ್ತಿ ಹೋಗಿತ್ತು.

"ಏನ್ರೀ ಅಂದಾನಿ, ಈ ವಯಸ್ಸಿಗೇ ಸೆಟ್ಟು ಕಟ್ಟಿಸ್ಕೊಂಡ್ರಂತೆ!" ಎಂದು ಭೋಜರಾಜ ಮೊಬೈಲಿನಿಂದ ಕೂಗಿದ. "ಇರ್ಲಿ, ಆಯುಧಪೂಜೆ ದಿನ ಬರ್ತಾ ಇದೀನಿ. ಟ್ರಂಕು ರೆಡಿ ಇಟ್ಟಿರಿ."

ಕೀಲ್ಪಾಕಿನಲ್ಲಿ ಇಬ್ಬರು ಡಾಕ್ಟರು ಬೆರಗಾದ ಹಲ್ಲು ವೇಲಚೇರಿಯಲ್ಲಿ ಗಂಜಿ ಜಗಿಯುತ್ತಿತ್ತು. ಆದರೂ ಅಂದಾನಿ ಸಹಿಸಿದ. ಅಷ್ಟಮಿಯ ಮಧ್ಯಾಹ್ನ ಹೆಂಗಸರೆಲ್ಲ ಬೇರೆಯವರ ಬೊಂಬೆ ನೋಡಲು ಹೋದ ಸಮಯದಲ್ಲಿ ಎಂಜಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಗಾಲಿಯ ಎಣ್ಣೆಯನ್ನೂ ಹಳಿಯ ಎಣ್ಣೆಯನ್ನೂ ಒರೆಸಿದ. ಗಾಲಿಯಲ್ಲಿ ರಬ್ಬರು ಕೂರುವುದಕ್ಕೆಂದೇ ಒಂದು ಕಾಲುವೆ ಇತ್ತು. ಕೂದಲು ಕೀಳುವ ಚಿಮುಟದಿಂದ ರಬ್ಬರ್ ಬಳೆಯನ್ನು ಹಿಗ್ಗಿಸಿ ಕಾಲುವೆಗೆ ಇಳಿಸುವುದು, ಅದು ಪಟ್ಟನೆ ಹಾರಿಹೋಗುವುದು. ಒಂದು ಫ್ಯಾನಿಗೆ ಹೋಯಿತು. ಒಂದು ಶೆಟ್ಟಿಯ ರುಮಾಲಿನ ಮೇಲೆ ಕೂತಿತು. ಇನ್ನೊಂದು ಕಿಟಕಿಯಾಚೆ ಹೋಗಿ ವೇಲಚೇರಿಯಲ್ಲಿ ಲೀನವಾಯಿತು. ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಎರಡೇ ಎರಡು ಬಳೆಗಳು ಎರಡು ಗಾಲಿಗಳಲ್ಲಿ ಕೂತಿದ್ದವು. ಗುಂಡಿ ತಿರುಗಿಸಿದರೆ ಎಂಜಿನ್ನು ಮೂರು ಡಬ್ಬಿಗಳನ್ನೂ ಎಳೆದುಕೊಂಡು ಹೊರಟಿತು. ಅಂದಾನಿಗೆ ತನ್ನ ತಲೆ ನಿಜಕ್ಕೂ ಮೆಕ್ಯಾನಿಕಲ್ ಇರಬಹುದೆಂದು ಅನುಮಾನ ಬಂತು. ಹೆಂಡತಿಯ ಮುಖ ನೆನೆದು ಕಣ್ಣು ಒದ್ದೆಯಾಯಿತು.

ಆಯುಧಪೂಜೆಯ ಬೆಳಿಗ್ಗೆ ಸಣ್ಣಮ್ಮ ಮನೆಯ ಆಯುಧಗಳನ್ನೆಲ್ಲ ಒಟ್ಟುಮಾಡಿದರು. ಕತ್ತರಿ, ಚಾಕು, ಈಳಿಗೆಮಣೆ, ಸುತ್ತಿಗೆ, ಚಿಮುಟ, ಸ್ಕ್ರೂಡ್ರೈವರು, ಅಂದಾನಿಯ ಬ್ಲೇಡು, ಉಗುರು ಕತ್ತರಿ, ಮೌನಳ ಪುಸ್ತಕ, ಪೆನ್ನು, ಪೆನ್ನಿಗೆ ಇಂಕು ತುಂಬುವ ಫಿಲ್ಲರು, ಕೊನೆಗೆ ಕೀರ್ತಿಶಾಲಿಯಾದ ಮಿಕ್ಸಿಯ ಜಾತಿಯದೇ ಒಂದು ಮಿಕ್ಸಿ. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟರು. "ಪೂಜೆಗಿಟ್ಟಿದ್ದನ್ನ ನಾಳೆ ತನಕ ಯಾರೂ ಮುಟ್ಟೋ ಹಾಗಿಲ್ಲ. ವಾಹನ ಮಾತ್ರ ಪೂಜೆ ಮಾಡಿ ಓಡಿಸಬೇಕು" ಎಂದರು. ವಾಹನವೆಂದರೆ ಅಂದಾನಿಯ ಸ್ಕೂಟರು, ಭೋಜರಾಜನ ಕಾರು ಮತ್ತು ಎಂಜಿನ್ನು.

ನಡುಮನೆ ಜನರಿಂದ ತುಂಬಿತ್ತು. ಬೇಬಿ ಮತ್ತು ಅವಳ ಹಿಂದೆ ಫ್ಲ್ಯಾಟಿನ ಅರ್ಧ ಹೆಂಗಸರು, ಮೈಸೂರ್‌ಪಾಕಿನ ಪೊಟ್ಟಣದೊಂದಿಗೆ ವಿಷ್ಣುಮೂರ್ತಿ, ಚಂದ್ರಮತಿ, ಎರಡನೇ ಮಹಡಿಯ ಮೇಷ್ಟ್ರು. ಭೋಜರಾಜ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಹಳಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದ. ಸಣ್ಣಮ್ಮ ಎಂಜಿನ್ನಿನ ಮೂತಿಗೆ ಕುಂಕುಮವಿಟ್ಟು ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು.

"ಅತ್ತೆ, ಹಣ್ಣು ಗಾಲಿಗಿಂತ ದೊಡ್ಡದಿದೆ" ಎಂದ ಅಂದಾನಿ.

"ಸಂಪ್ರದಾಯ ಅಂದ್ರೆ ಸಂಪ್ರದಾಯ."

ಅಂದಾನಿ ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಎಂಜಿನ್ನು ಹೋಗಿ ನಿಂಬೆಹಣ್ಣಿಗೆ ಮೂತಿ ಇಟ್ಟು ನಿಂತಿತು. "ಹೀಗಲ್ಲಾರೀ, ಸ್ವಲ್ಪ 'ಪವರ್' ಬೇಕು" ಎಂದು ಭೋಜರಾಜ ಬಗ್ಗಿ, ಒಂದು ಕೈಯಿಂದ ಎಂಜಿನ್ನಿನ ಬೆನ್ನನ್ನು ಅದುಮಿ ಹಿಡಿದು ಇನ್ನೊಂದು ಕೈಯಿಂದ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟ. ಗಾಲಿ ಕಿರ್ರೆಂದಿತು. ನಿಂಬೆಹಣ್ಣು ಉರುಳಿ ಉದ್ಯಾನಕ್ಕೆ ಬಿತ್ತು. ಒಂದು ರಬ್ಬರ್ ಬಳೆ ಚಟ್ಟನೆ ಹರಿದು ಭೋಜರಾಜನ ಮೂಗಿಗೆ ಬಡಿದು ಬಿತ್ತು. ಎಂಜಿನ್ನಿನ ಒಂದು ಗಾಲಿ ಹಳಿ ಕಚ್ಚಿತು, ಇನ್ನೊಂದು ಜಾರಿತು. ಡಬ್ಬಿಗಳನ್ನು ಎಳೆಯಲಾರದೆ ಅದು ಹೊಯ್ದಾಡಿ ನಿಂತಿತು.

ಸಣ್ಣಮ್ಮ ಮಂಗಳಾರತಿಯ ತಟ್ಟೆ ತರುತ್ತೇನೆಂದು, ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೊರಟರು.

"ಹೋಗ್ಲಿ ಬಿಡಿ" ಎಂದ ಭೋಜರಾಜ, ಮೂಗು ಒರೆಸಿಕೊಳ್ಳುತ್ತ. "ಪಾಪ, ಹಳೇದಾಯ್ತು. ಷೋಕೇಸಲ್ಲಿ ಲೈಟು ಹಾಕ್ಸಿದೀನಿ, ನೋಡೋದಕ್ಕೆ ಜಂ ಅಂತಿರುತ್ತೆ."

ವಂದನಾ ಅಳಲಿಲ್ಲ. ಬಗ್ಗಿ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ಅಪ್ಪನ ಪಂಚೆಯಲ್ಲಿ ಸುತ್ತತೊಡಗಿದಳು. ಅದನ್ನು ನೋಡಲಾರದೆ ಅಂದಾನಿ ಎದ್ದು ನಿಂತ.

"ಅತ್ತೆ, ನಿಲ್ಲಿ. ನನ್ನ ಹಲ್ಲಿಗೆ ಏನೂ ಆಗಿಲ್ಲ."

"ಗೊತ್ತಪ್ಪ, ನಿಮ್ಮದು ಗಟ್ಟಿ ಜೀವ" ಎಂದರು ಸಣ್ಣಮ್ಮ ಸಮಾಧಾನದ ದನಿಯಲ್ಲಿ.

"ಹಾಗಲ್ಲ ಅತ್ತೆ. ಎಣ್ಣೆ ಬಿಟ್ಟು ಗಾಲಿಯ ರಬ್ಬರು ಹಾಳುಮಾಡಿದವನು ನಾನು. ಹಲ್ಲಿನ ಡಾಕ್ಟರ ಹತ್ರ ಹೋಗಿದ್ದು ಎಂಜಿನ್ನಿಗೆ ರಬ್ಬರು ತರೋದಕ್ಕೆ. ನನಗೆ ಮೆಕ್ಯಾನಿಕ್ಕೂ ಗೊತ್ತಿಲ್ಲ, ಏನೂ ಗೊತ್ತಿಲ್ಲ. ಮಿಕ್ಸಿಯ ಅಡಿಯಲ್ಲಿ ಒಂದು ಗುಂಡಿ ಇರುತ್ತೆ. ಯಾರು ಒತ್ತಿದ್ರೂ ತಿರುಗುತ್ತೆ."

ವಂದನಾ ಪಂಚೆ ಸುತ್ತುವುದನ್ನು ಬಿಟ್ಟು ತಲೆಯೆತ್ತಿದಳು. "ರಬ್ಬರಾ? ಹೋಗಿದ್ದು ಬರೀ ರಬ್ಬರಾ? ಮೊದಲ ದಿನವೇ ಹೇಳಬಾರದಿತ್ತೇನ್ರೀ? ಅಪ್ಪ ಇಂಕ್ ಫಿಲ್ಲರಿನ ರಬ್ಬರು ಕತ್ತರಿಸಿ ಹಾಕ್ತಿದ್ರು! ನಾನೇ ಹಿಡ್ಕೊಳ್ತಿದ್ದೆ. ಬೆರಳೆಲ್ಲ ನೀಲಿ ಆಗ್ತಿತ್ತು."

ಇಂಕ್ ಫಿಲ್ಲರು ಮನೆಯಲ್ಲಿತ್ತು. ಮೌನಳ ಪುಸ್ತಕದ ಮೇಲೆ, ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡುಹೂವಿಟ್ಟುಕೊಂಡು ಕೂತಿತ್ತು. "ಪೂಜೆಗಿಟ್ಟಿದ್ದು, ಮುಟ್ಟೋ ಹಾಗಿಲ್ಲ" ಎಂದು ಭೋಜರಾಜ ನೆನಪು ಮಾಡಿದ. ಸಣ್ಣಮ್ಮ ಒಂದು ಕ್ಷಣ ಯೋಚಿಸಿದರು. ಆಮೇಲೆ ತಮ್ಮ ಕೈಚೀಲದಿಂದ ಕಿವಿಗೆ ಬಿಟ್ಟುಕೊಳ್ಳುವ ಔಷಧಿಯ ಸೀಸೆ ತೆಗೆದು, ಅದರ ಮುಚ್ಚಳದ ಮೇಲಿದ್ದ ರಬ್ಬರಿನ ಬುರುಡೆಯನ್ನು ಕಿತ್ತು ಅಳಿಯನ ಕೈಗಿತ್ತರು. "ಇದು ಆಯುಧ ಅಲ್ಲ" ಎಂದು ಹೇಳಿ ಒಳಗೆ ಹೋದರು.

ಈಗ ಕತ್ತರಿಸಬೇಕು. ಕತ್ತರಿ ಪೂಜೆಯಲ್ಲಿ. ಚಾಕು ಪೂಜೆಯಲ್ಲಿ. ಬ್ಲೇಡೂ ಉಗುರು ಕತ್ತರಿಯೂ ಈಳಿಗೆಮಣೆಯೂ ಪೂಜೆಯಲ್ಲಿ. ಅಂದಾನಿ ಸುತ್ತ ನೋಡಿದ. ಆಮೇಲೆ ಬುರುಡೆಯನ್ನು ಬಾಯಿಗಿಟ್ಟುಕೊಂಡ.

"ಅಯ್ಯೋ ಮಾರಾಯ್ರೆ, ಸೆಟ್ಟು ಕಿತ್ತು ಬರ್ತದೆ!" ಎಂದು ವಿಷ್ಣುಮೂರ್ತಿ ಓಡಿಬಂದರು. ಬೇಬಿ "ವೇಂಡಾಂ ಸಾರ್!" ಎಂದು ಕಿರಿಚಿ ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದರು. ಅಂದಾನಿ ಯಾರ ಮಾತೂ ಕೇಳಲಿಲ್ಲ. ಬಾಯಿ ತುಂಬ ಕಿವಿಯ ಔಷಧಿಯ ಕಹಿ. ಕಣ್ಣಲ್ಲಿ ನೀರು. ಬುರುಡೆಯ ಅಂಚನ್ನು ಮುಂದಿನ ಹಲ್ಲಿನಿಂದ ಸುತ್ತಲೂ ಕಚ್ಚುತ್ತ, ತಿರುಗಿಸುತ್ತ, ಮತ್ತೆ ಕಚ್ಚುತ್ತ ಹೋದ. ಪುಸ್ತಕದಲ್ಲಿ ಮಾತ್ರ ಇರುವಂಥ ಹಲ್ಲು ಅದು. ಕೊನೆಗೊಂದು ಬಳೆ ಕಳಚಿ ಬಂತು. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಒಂದು ಕಡೆ ಹಲ್ಲಿನ ಗುರುತು. ಚಿಮುಟವಿಲ್ಲದೆ, ವಂದನಾಳ ಉಗುರೂ ತನ್ನ ಉಗುರೂ ಸೇರಿಸಿ ಹಿಗ್ಗಿಸಿ ಗಾಲಿಗೆ ಏರಿಸಿದ. ವಂದನಾ ಮತ್ತೆ ಡಬ್ಬಿಗಳನ್ನು ಸಿಕ್ಕಿಸಿದಳು. ಗುಂಡಿ ತಿರುಗಿಸಿದ.

ರೈಲು ಹೊರಟಿತು. ಆದರೆ ಕುಂಟುತ್ತ ಹೊರಟಿತು. ಒಂದು ಗಾಲಿಗೆ ಕೀಲ್ಪಾಕಿನ ತೆಳು ರಬ್ಬರು, ಇನ್ನೊಂದಕ್ಕೆ ಕಚ್ಚಿದ ದಪ್ಪ ರಬ್ಬರು. ಸುತ್ತು ಸುತ್ತಿಗೂ ಎಂಜಿನ್ನು ಎದ್ದು ಬಿದ್ದು, ಟಕ್ ಟಟಕ್, ಟಕ್ ಟಟಕ್ ಎನ್ನುತ್ತ ರಾಗಿ ಪೈರಿನ ಸುತ್ತ ತಿರುಗಿತು.

"ಕುಂಟ್ತಾ ಇದೆಯಲ್ರೀ" ಎಂದ ಭೋಜರಾಜ. "ಇದನ್ನ ಓಡೋದು ಅಂತಾರಾ?"

ಅಂದಾನಿಗೂ ಹಾಗೇ ಅನ್ನಿಸಿತು. ನಿಲ್ಲಿಸಿ ದಪ್ಪ ಕಡೆಯನ್ನು ಇನ್ನೊಮ್ಮೆ ಕಚ್ಚಿ ಸಮ ಮಾಡೋಣವೆಂದು ಗುಂಡಿಗೆ ಕೈ ಹಾಕಿದ.

"ನಿಲ್ಲಿಸ್ಬೇಡಿ!"

ಸಣ್ಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಆರತಿ ತಟ್ಟೆಯಲ್ಲಿ ಕರ್ಪೂರ ಇನ್ನೂ ಹಚ್ಚಿರಲಿಲ್ಲ. ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಬಂದು ಹಳಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ರೈಲು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ವರ್ಕ್‌ಷಾಪಲ್ಲಿ ಅಷ್ಟು ದೊಡ್ಡ ದೊಡ್ಡ ಎಂಜಿನ್ನು ರಿಪೇರಿ ಮಾಡಿದ್ರು" ಎಂದರು ಮೆಲ್ಲಗೆ. "ಈ ಬೆರಳಷ್ಟು ರಬ್ಬರನ್ನ ಒಂದು ವರ್ಷಾನಾದ್ರೂ ಸಮವಾಗಿ ಕತ್ತರಿಸಿದವರಲ್ಲ. ಹೀಗೇ ಕುಂಟೋದು. ನಾನು ಒಲೆ ಮುಂದಿಂದಲೇ ಬೈತಿದ್ದೆ. ಅವರು ಹೋದ ಮೇಲೆ ಈ ಸದ್ದು ಮತ್ತೆ ಕೇಳ್ತೀನಿ ಅಂದ್ಕೊಂಡಿರ್ಲಿಲ್ಲ."

ಭೋಜರಾಜ ಕಾರಿನ ಕೀಲಿಯನ್ನು ಜೇಬಿಗಿಟ್ಟುಕೊಂಡ. ಬೇಬಿ ಕನ್ನಡ ತಿಳಿಯದಿದ್ದರೂ ಸೆರಗಿನಿಂದ ಮೂಗು ಒರೆಸಿಕೊಂಡಳು. ವಂದನಾ ಹಳಿಯ ಪಕ್ಕದಲ್ಲಿ, ಅಷ್ಟು ಜನರ ಮುಂದೆ, ರೇಷ್ಮೆ ಸೀರೆಯಲ್ಲೇ ಹೊಟ್ಟೆಯ ಮೇಲೆ ಮಲಗಿಬಿಟ್ಟಳು. ರೈಲು ಅವಳ ಮೂಗಿನ ಮುಂದೆ ಹಾದು, ಶೆಟ್ಟಿ ಶೆಟ್ಟಿತಿಯ ಕೆಳಗೆ ನುಸುಳಿ, ಮತ್ತೆ ಬಂತು.

ಸಣ್ಣಮ್ಮ ಎದ್ದು ಕರ್ಪೂರ ಹಚ್ಚಿದರು. ಮಂಗಳಾರತಿ ಮುಗಿಸಿ, ತಟ್ಟೆಯನ್ನು ಅಳಿಯನ ಮುಂದೆ ಹಿಡಿದು, ಬೊಂಬೆ ಇನ್ನು ಇಲ್ಲೇ ಇರುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, ಬಹಳ ಪ್ರೀತಿಯಿಂದ ಒಂದು ಮಾತು ಹೇಳಿದರು.

"ಒಂದೇ ಒಂದು ಕೇಳ್ಕೊಳ್ತೀನಿ ಅಳಿಯಂದ್ರೆ. ಇದನ್ನ ಇನ್ಯಾವತ್ತೂ ಸರಿ ಮಾಡೋದಕ್ಕೆ ಹೋಗ್ಬೇಡಿ."